ಕೃಷ್ಣಮೂರ್ತಿ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ?

(ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ ಏರ್ಪಡಿಸಿದ್ದ ತಾಂತ್ರಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದೆ. ಸಂಕೇತ ಎಂದರೆ ಒಂದೊಂದು ಅಕ್ಷರಕ್ಕೋ ಚಿಹ್ನೆಗೋ ಕಂಪ್ಯೂಟರಿನಲ್ಲಿರುವ ಸಂಖ್ಯೆ. ಅದನ್ನು ದಶಮಾಂಶ ಸಂಖ್ಯೆಯಲ್ಲಿ ಕೊಟ್ಟಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಆರ್ಡ್’ ಕೊಡುವುದೂ ಅದನ್ನೇ.)

ಇಂಥ ಉಪನ್ಯಾಸಗಳಿಗೆ ನೀವು ಹೆಸರು ನೋಂದಾಯಿಸುವುದು ಆನ್‌ಲೈನ್ ಫಾರ್ಮಿನಲ್ಲಿ. ಆ ಪಟ್ಟಿ ಸಿಎಸ್‌ವಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಪಠ್ಯ) ಕಡತವಾಗಿ ಇಳಿಯುತ್ತದೆ, ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ, ಅಲ್ಲಿಂದ ಎಸ್ಸೆಮ್ಮೆಸ್ಸಿಗೆ ಹೋಗುತ್ತದೆ, ಕೊನೆಗೆ ಪ್ರಮಾಣಪತ್ರದ ಮೇಲೆ ಕೂರುತ್ತದೆ. ಹೆಸರು ಇಂಗ್ಲಿಷಿನಲ್ಲಿದ್ದರೆ ದಾರಿಯುದ್ದಕ್ಕೂ ಏನೂ ಆಗುವುದಿಲ್ಲ. ಕನ್ನಡದಲ್ಲಿದ್ದರೆ ಒಂದೊಂದು ಕಡೆ ಒಂದೊಂದು ಒತ್ತು, ಒಂದೊಂದು ಗುಡಿಸು ಉದುರುತ್ತಾ ಹೋಗುತ್ತದೆ. ಆಗ ಸಂಘಟಕರು ಮಾಡುವುದೇನು? ‘ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ’ ಎಂದು ಫಾರ್ಮಿನ ಮೇಲೊಂದು ಸಾಲು ಸೇರಿಸಿ ಕೈತೊಳೆದುಕೊಳ್ಳುವುದು. ಆ ಸಾಲನ್ನು ಕಿತ್ತು ಹಾಕಲು ಏನೇನು ಮಾಡಬೇಕು ಎಂಬುದಷ್ಟೇ ಇವತ್ತಿನ ಮಾತು. ಒಂದೇ ಹೆಸರನ್ನು ಹಿಡಿದು ಈ ದಾರಿಯಲ್ಲಿ ನಡೆಸಿಕೊಂಡು ಹೋಗೋಣ: ಕೃಷ್ಣಮೂರ್ತಿ. ಒತ್ತು, ಅರ್ಕಾವೊತ್ತು, ವಟ್ರಸುಳಿ, ದೀರ್ಘ ಎಲ್ಲ ಇರುವುದರಿಂದ ಪರೀಕ್ಷೆಗೆ ಹೇಳಿ ಮಾಡಿಸಿದ ಹೆಸರು.

ನಾಲ್ಕೋ, ಆರೋ, ಹನ್ನೊಂದೋ, ಮೂವತ್ತಮೂರೋ

ಒಂದನೇ ತರಗತಿಯ ಮಗುವನ್ನು ಕೇಳಿದರೆ ನಾಲ್ಕು ಅಕ್ಷರ ಎನ್ನುತ್ತದೆ: ಕೃ, ಷ್ಣ, ಮೂ, ರ್ತಿ. ಪೈಥಾನಿನಲ್ಲಿ ಉದ್ದ ಎಣಿಸುವ ‘ಲೆನ್’ ಕೇಳಿದರೆ 11 ಎನ್ನುತ್ತದೆ. ಕಡತದ ಗಾತ್ರ ನೋಡಿದರೆ 33 ಬೈಟ್. ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ, ಎಣಿಸುತ್ತಿರುವ ವಸ್ತುವೇ ಬೇರೆ ಬೇರೆ.

ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಮಾನಕ ಯೂನಿಕೋಡ್, ಅದು ನಮ್ಮ ಕಾಗುಣಿತವನ್ನು ಬಿಡಿಸಿ ಇಡುತ್ತದೆ. ಕೃಷ್ಣಮೂರ್ತಿ ಎಂದರೆ ಅದರ ಪಾಲಿಗೆ ಕ, ವಟ್ರಸುಳಿ, ಷ, ಹಲಂತ, ಣ, ಮ, ಕೊಂಬಿನ ದೀರ್ಘ, ರ, ಹಲಂತ, ತ, ಗುಡಿಸು. ಎಣಿಸಿ, ಹನ್ನೊಂದು. ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ, ಒಟ್ಟು 128 ಮನೆ, ಎಲ್ಲವೂ ತುಂಬಿಲ್ಲ. ಕ 3221, ಹ 3257, ಹಲಂತ 3277. ಈ ಅನುಕ್ರಮ ಭಾರತೀಯ ಲಿಪಿಗಳಿಗೆ ಮೊದಲೇ ಇದ್ದ ಇಸ್ಕಿ ಮಾನಕದಿಂದ ಬಂದದ್ದು. ಆದ್ದರಿಂದಲೇ ತೆಲುಗಿನ ಯಾವುದೇ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಬಹುಮಟ್ಟಿಗೆ ಅದೇ ಉಚ್ಚಾರದ ಕನ್ನಡ ಅಕ್ಷರ ಸಿಗುತ್ತದೆ. (ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ‘ಫಾ’ ಎಂದು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ, ಹಾಗಾಗಿ ತಪ್ಪು ಹಾಗೆಯೇ ಉಳಿದು ಸರಿಯಾದ ಹೆಸರು ಅಡ್ಡಹೆಸರಾಗಿದೆ.)

ಈ ಸಂಖ್ಯೆಗಳನ್ನು ಕಡತದಲ್ಲಿ ಬೈಟುಗಳಾಗಿ ಇಡುವ ಕ್ರಮ ಯುಟಿಎಫ್-8. ಅದರಲ್ಲಿ ಬರೆಯುವಾಗ ಈ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಹನ್ನೊಂದು ಮೂರಲೆ ಮೂವತ್ತಮೂರು. ಕ ಅಕ್ಷರದ ಬೈಟುಗಳು 224, 178, 149. ಈ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ, ಎಕ್ಸೆಲ್ ಹತ್ತಿರ ಮತ್ತೆ ಬರುತ್ತವೆ.

ನಾಲ್ಕನೇ ಎಣಿಕೆಯೊಂದಿದೆ, ಗ್ರಾಫೀಮ್ ಕ್ಲಸ್ಟರ್. ಕರ್ಸರ್ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಲು ಯೂನಿಕೋಡ್ ಮಾಡಿಕೊಂಡ ತುಂಡರಿಕೆ ಇದು. ಅದರಂತೆ ಕೃ, ಷ್, ಣ, ಮೂ, ರ್, ತಿ ಎಂದು 6 ತುಂಡು. ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮ 2023ರ 15.1ನೇ ಆವೃತ್ತಿಯಲ್ಲಿ ಬಂತು. ದೇವನಾಗರಿ, ತೆಲುಗು, ಮಲಯಾಳಂ ಸೇರಿ ಆರು ಲಿಪಿಗಳಿಗೆ ಅದು ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ‘ಗ್ರಾಫೀಮ್ ಲೈಬ್ರರಿ ಹಾಕಿದ್ದೇವೆ, ಇನ್ನು ಅಕ್ಷರ ಎಣಿಕೆ ಸರಿ’ ಎಂದುಕೊಳ್ಳಬೇಡಿ.

ಮಗುವಿನ ಲೆಕ್ಕವೇ ಬೇಕಿದ್ದರೆ ನಾವೇ ಬರೆಯಬೇಕು, ಹತ್ತು ಸಾಲಿನ ಕೆಲಸ. ಎಡದಿಂದ ಬಲಕ್ಕೆ ಹೋಗಿ. ಸ್ವರ (3205ರಿಂದ 3220) ಬಂದರೆ ಹೊಸ ಅಕ್ಷರ. ವ್ಯಂಜನ (3221ರಿಂದ 3257, ಜತೆಗೆ 3294) ಬಂದರೆ ಹಿಂದೆ ತಿರುಗಿ ನೋಡಿ: ಹಿಂದಿನದು ಹಲಂತವಾಗಿದ್ದರೆ ಇದು ಒತ್ತು, ಹಳೆಯ ಅಕ್ಷರಕ್ಕೇ ಸೇರಿಸಿ, ಅಲ್ಲದಿದ್ದರೆ ಹೊಸ ಅಕ್ಷರ. ಕಾಗುಣಿತ ಚಿಹ್ನೆ, ಸೊನ್ನೆ, ವಿಸರ್ಗ ಯಾವಾಗಲೂ ಹಳೆಯದಕ್ಕೇ ಹೋಗುತ್ತವೆ. ಹಲಂತಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ 8204 ಎಂಬ ಅದೃಶ್ಯ ಸಂಕೇತ ಕೂತಿದ್ದರೆ ಮಾತ್ರ ಅಲ್ಲಿ ಕಡಿಯಿರಿ. ‘ಸಾಫ್ಟ್‌ವೇರ್’ ಆಗ ಸಾ, ಫ್ಟ್, ವೇ, ರ್ ಎಂದು ನಾಲ್ಕಾಗುತ್ತದೆ. ಕೊನೆಯ ರ್ ಪ್ರತ್ಯೇಕ ಅಕ್ಷರವೇ? ಪದಬಂಧಕ್ಕಾದರೆ ಹೌದು, ಅದಕ್ಕೊಂದು ಮನೆ ಬೇಕು. ಛಂದಸ್ಸಿನ ಪ್ರೋಗ್ರಾಂ ಬರೆಯುತ್ತಿದ್ದರೆ ಅಲ್ಲ, ಅದು ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರು ಮಾಡುತ್ತದೆ. ಈ ತೀರ್ಮಾನವನ್ನು ಯಾವ ಲೈಬ್ರರಿಯೂ ನಿಮ್ಮ ಪರವಾಗಿ ಮಾಡಲಾರದು.

ಇಲ್ಲೊಂದು ಬಲೆ ಇದೆ. ಪದ ತಿರುಗಿಸುವ ಪ್ರೋಗ್ರಾಂ ಬರೆದವರು ಮೊದಲು ಪರೀಕ್ಷಿಸುವ ಪದ ‘ಕನ್ನಡ’. ಅದನ್ನು ಸಂಕೇತ ಸಂಕೇತವಾಗಿ ತಿರುಗಿಸಿದರೆ ‘ಡನ್ನಕ’ ಬರುತ್ತದೆ, ಪೂರ್ತಿ ಸರಿ! ನ, ಹಲಂತ, ನ ಹಿಂದುಮುಂದಾದರೂ ಅದೇ ಆಗಿರುವುದರಿಂದ ಆದ ಅದೃಷ್ಟ. ‘ಕರ್ನಾಟಕ’ ಕೊಡಿ, ‘ಕಟಾನ್ರಕ’ ಬರುತ್ತದೆ: ದೀರ್ಘ ಹೋಗಿ ಟ ಹತ್ತಿರ ಕೂತಿದೆ, ಅರ್ಕಾವೊತ್ತು ರ ಒತ್ತಾಗಿದೆ. ‘ಮೈಸೂರು’ ಕೊಟ್ಟರೆ ಪದ ಶುರುವಾಗುವುದೇ ಒಂಟಿ ಕೊಂಬಿನಿಂದ, ಚುಕ್ಕೆ ಚುಕ್ಕೆಯ ವೃತ್ತ ಕಾಣುತ್ತದೆ. ಕನ್ನಡ ಎಂಬ ಪದದಿಂದ ಕನ್ನಡದ ಪ್ರೋಗ್ರಾಂ ಪರೀಕ್ಷಿಸಬೇಡಿ.

ಫಾರ್ಮಿನ ಬಾಗಿಲಲ್ಲೇ

ಹೆಸರಿನ ಅಂಕಣಕ್ಕೆ 10ರ ಮಿತಿ ಹಾಕಿದ್ದೀರಿ ಎನ್ನೋಣ. ಬ್ರೌಸರ್ ಹತ್ತು ಸಂಕೇತಕ್ಕೆ ನಿಲ್ಲಿಸುತ್ತದೆ. ಹನ್ನೊಂದನೆಯದು ಗುಡಿಸು, ಅದು ಬೀಳುತ್ತದೆ. ಒಳಗೆ ಹೋದದ್ದು ‘ಕೃಷ್ಣಮೂರ್ತ’. ಯಾವ ದೋಷ ಸಂದೇಶವೂ ಇಲ್ಲ. ಹೆಸರೇ ಬದಲಾಗಿದೆ. ಮಿತಿ ಬೇಕೇ ಬೇಕೆಂದರೆ 100 ಇಡಿ.

ಡೇಟಾಬೇಸಿನಲ್ಲಿ ಇದೇ ಸಮಸ್ಯೆಯ ಇನ್ನೊಂದು ರೂಪ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ 30ರ ಅಂಕಣ ಎಂದರೆ 30 ಸಂಕೇತ. ಒರಾಕಲ್‌ನಲ್ಲಿ ಬೇರೆ ಏನೂ ಹೇಳದಿದ್ದರೆ 30 ಬೈಟ್, 33 ಬೈಟಿನ ಕೃಷ್ಣಮೂರ್ತಿ ಒಳಗೇ ಹೋಗುವುದಿಲ್ಲ. ಅದು ದೋಷ ಎಂದು ಕೂಗುತ್ತದೆ, ಅಷ್ಟರ ಮಟ್ಟಿಗೆ ಪುಣ್ಯ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಬರೆದರೆ ಬಹುಕಾಲದಿಂದ ಸಿಗುತ್ತಿದ್ದದ್ದು 3 ಬೈಟಿನವರೆಗಿನ ಕುಂಟು ರೂಪ. ಕನ್ನಡಕ್ಕೆ ಅದು ಸಾಕು. ಆದರೆ ಹೆಸರಿನ ಪಕ್ಕ ಯಾರಾದರೂ ಇಮೋಜಿ ಹಾಕಿದರೆ 4 ಬೈಟ್ ಬೇಕು. ‘ಯುಟಿಎಫ್8ಎಂಬಿ4’ ಎಂದೇ ಬರೆಯಿರಿ.

ಇನ್ನು ‘ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ’ ಎಂಬ ತಪಾಸಣೆ. ಪೈಥಾನಿನ ‘ಇಸ್‌ಆಲ್ಫಾ’ಗೆ ‘ಕಮಲ’ ಕೊಡಿ, ಪಾಸ್. ‘ರಮಣ’, ಪಾಸ್. ‘ಸೀತಾ’, ಫೇಲ್. ಕಾಗುಣಿತ ಚಿಹ್ನೆಗಳೂ ಹಲಂತವೂ ಯೂನಿಕೋಡಿನ ವರ್ಗೀಕರಣದಲ್ಲಿ ‘ಅಕ್ಷರ’ವಲ್ಲ, ‘ಗುರುತು’. ತಲೆಕಟ್ಟಿನ ಹೆಸರಿನವರಿಗೆ ಮಾತ್ರ ಪ್ರವೇಶ!

ಇದೇ ಕಾರಣಕ್ಕೆ, ಪಠ್ಯದಲ್ಲಿ ಮಾದರಿ ಹುಡುಕುವ ರೆಗೆಕ್ಸಿನ ಪದ ಹುಡುಕುವ ಸಂಕೇತವೂ ಕೈಕೊಡುತ್ತದೆ. ಪೈಥಾನಿನ ಮೂಲ ‘ಆರ್‌ಇ’ ಮಾಡ್ಯೂಲಿಗೆ ಕೃಷ್ಣಮೂರ್ತಿ ಕೊಟ್ಟು ಪದಗಳನ್ನು ಹೆಕ್ಕು ಎಂದರೆ ಐದು ಚೂರು ಬರುತ್ತದೆ: ಕ, ಷ, ಣಮ, ರ, ತ. ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಿ. ಸೈಕಿಟ್-ಲರ್ನ್‌ನ ‘ಕೌಂಟ್ ವೆಕ್ಟರೈಸರ್’ (ಪಠ್ಯದ ಪದಗಳನ್ನು ಬಿಡಿಸಿ ಎಣಿಸುವ ಸಾಧನ) ತಾನಾಗಿ ಬಳಸುವ ಮಾದರಿ ಇದೇ, ಮೇಲಿಂದ ಒಂದೇ ಅಕ್ಷರದ ಚೂರುಗಳನ್ನು ಬಿಸಾಕುತ್ತದೆ. ಕೃಷ್ಣಮೂರ್ತಿಯಲ್ಲಿ ಉಳಿಯುವುದು ‘ಣಮ’ ಮಾತ್ರ. ಮಾಡೆಲ್ ತರಬೇತಿಯಾಗುತ್ತದೆ, ನಿಖರತೆಯ ಅಂಕಿಯೂ ಒಂದು ಬರುತ್ತದೆ, ಒಳಗೆ ಕಲಿತದ್ದು ಮಾತ್ರ ಣಮ, ಕರ, ಟಕ. ಕನ್ನಡ ವರ್ಗೀಕರಣದ ಪ್ರಾಜೆಕ್ಟ್ ವರದಿ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು ಪದಕೋಶದ ಮೊದಲ ಇಪ್ಪತ್ತು ಪದ. ಪರಿಹಾರ ಸುಲಭ: ಟೋಕನ್ ಮಾದರಿಯನ್ನು ನೀವೇ ಕೊಡಿ. 3200ರಿಂದ 3327, ಜತೆಗೆ 8204 ಮತ್ತು ಅದರಂತೆಯೇ ಅದೃಶ್ಯವಾದ 8205, ಇವಿಷ್ಟರ ಸಾಲನ್ನು ಒಂದು ಪದ ಎಂದು ಹೇಳಿ.

ಅಂಕಿಗಳದ್ದು ತದ್ವಿರುದ್ಧ ಸಮಸ್ಯೆ. ಪೈಥಾನ್ ‘೧೨’ ಎಂಬುದನ್ನು ಹನ್ನೆರಡು ಎಂದೇ ಓದುತ್ತದೆ, ರೆಗೆಕ್ಸಿನ ಅಂಕಿ ಸಂಕೇತವೂ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಮೊಬೈಲ್ ಸಂಖ್ಯೆ ಸರ್ವರಿನಲ್ಲಿ ಪಾಸಾಗಿ ಎಸ್ಸೆಮ್ಮೆಸ್ ಗೇಟ್‌ವೇಯಲ್ಲಿ ಬಿದ್ದರೆ ಇದನ್ನು ನೋಡಿ.

ಎಸ್ಸೆಮ್ಮೆಸ್ ಎಂದಾಗ ಒಂದು ಲೆಕ್ಕ. ಇಂಗ್ಲಿಷಿನ ಸಂದೇಶಕ್ಕೆ 160 ಅಕ್ಷರ, ಕನ್ನಡ ಒಂದು ಬಂದರೂ 70 ಸಂಕೇತ. ಅದಕ್ಕೂ ಮೀರಿದರೆ ಜೋಡಣೆಗೆ ಜಾಗ ಹೋಗಿ ತುಂಡಿಗೆ 67. ‘ಕೃಷ್ಣಮೂರ್ತಿ ಅವರೇ, ನಾಳೆ 4 ಗಂಟೆಗೆ ಉಪನ್ಯಾಸ’ ಎಂಬುದಕ್ಕೇ 39 ಆಯಿತು. ಉಳಿದ 31ರಲ್ಲಿ ಸ್ಥಳ ಹೇಳಿ ಮುಗಿಸಬೇಕು, ಇಲ್ಲವಾದರೆ ಪ್ರತಿಯೊಬ್ಬರಿಗೂ ಎರಡು ಸಂದೇಶದ ದುಡ್ಡು.

ಎಕ್ಸೆಲ್

ಸಿಎಸ್‌ವಿ ಕಡತದ ಮೇಲೆ ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಗೀಟಿರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಬರೆದ ಪುಟಾಣಿ 2 ಅಥವಾ 3, ಮತ್ತೊಂದು ಚಿತ್ರವಿಚಿತ್ರ ಗುರುತು, ಇವೇ ಮೂರು ಮೂರಾಗಿ ಸಾಲುಗಟ್ಟಿ ನಿಂತಿದ್ದರೆ ಹೆದರಬೇಡಿ. ಡೇಟಾ ಕೆಟ್ಟಿಲ್ಲ. 224, 178, 149 ಎಂಬ ಮೂರು ಬೈಟನ್ನು ಎಕ್ಸೆಲ್ ವಿಂಡೋಸ್-1252 ಎಂಬ ಹಳೆಯ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಅಕ್ಷರ ಎಂದು ಓದಿದೆ, ಅಷ್ಟೇ. ಉಳಿಸದೆ ಮುಚ್ಚಿ. ಖಾಲಿ ಹಾಳೆ ತೆರೆದು, ಡೇಟಾ ಟ್ಯಾಬಿನಲ್ಲಿ ಟೆಕ್ಸ್ಟ್/ಸಿಎಸ್‌ವಿಯಿಂದ ಆಮದು ಆರಿಸಿ, ಕಡತದ ಮೂಲ ಕೇಳುವಲ್ಲಿ 65001 (ಯುಟಿಎಫ್-8) ಎಂಬ ಸಾಲು ಒತ್ತಿ.

ಕಡತ ಬರೆಯುವವರು ನೀವೇ ಆಗಿದ್ದರೆ ಪೈಥಾನಿನಲ್ಲಿ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಕಡತದ ತಲೆಗೆ 239, 187, 191 ಎಂಬ ಮೂರು ಬೈಟು ಅಂಟುತ್ತದೆ, ಎಕ್ಸೆಲ್ ಅದನ್ನು ನೋಡಿ ಯುಟಿಎಫ್-8 ಎಂದು ಗುರುತಿಸುತ್ತದೆ. ಆದರೆ ಆ ಕಡತವನ್ನು ಮತ್ತೆ ಪೈಥಾನಿನಲ್ಲಿ ಬರೀ ‘ಯುಟಿಎಫ್-8’ ಎಂದು ಓದಿದಿರೋ, ಆ ಮೂರು ಬೈಟು ಮೊದಲ ಅಂಕಣದ ತಲೆಬರಹಕ್ಕೆ ಅಂಟಿಕೊಂಡು ಬರುತ್ತದೆ. ಪರದೆಯಲ್ಲಿ ‘ಹೆಸರು’ ಎಂದೇ ಕಾಣುತ್ತದೆ, ಪ್ರೋಗ್ರಾಂ ಮಾತ್ರ ‘ಹೆಸರು’ ಎಂಬ ಅಂಕಣವೇ ಇಲ್ಲ ಎನ್ನುತ್ತದೆ. ಬರೆದಂತೆಯೇ ಓದಿ.

ಯಾರೋ ಆಗಲೇ ಆ ಕೆಟ್ಟ ರೂಪದಲ್ಲೇ ಉಳಿಸಿಬಿಟ್ಟಿದ್ದರೆ? ತಿರುಗಿಸಿ ಸರಿಪಡಿಸಬಹುದು: ಪಠ್ಯವನ್ನು 1252ಕ್ಕೆ ಎನ್‌ಕೋಡ್ ಮಾಡಿ, ಬಂದ ಬೈಟುಗಳನ್ನು ಯುಟಿಎಫ್-8 ಎಂದು ಡಿಕೋಡ್ ಮಾಡಿ. ಅಂತರ್ಜಾಲದಲ್ಲಿ ಎಲ್ಲರೂ ಹೇಳುವ ಉಪಾಯ ಇದು, ಕನ್ನಡದಲ್ಲಿ ಇದು ಅರ್ಧದಲ್ಲೇ ಮುಗ್ಗರಿಸುತ್ತದೆ. 1252ರ ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಮನೆ ಖಾಲಿ. ಹಲಂತದ ಕೊನೆಯ ಬೈಟು 141! ಕೊಂಬಿನದು 129. ಏ, ಐ, ಝ ಉಳಿದ ಮೂರು. ಹಲಂತವೂ ಕೊಂಬೂ ಇಲ್ಲದ ಕನ್ನಡ ವಾಕ್ಯ ಎಲ್ಲಿದೆ? ಪೈಥಾನ್ ಅಲ್ಲಿ ದೋಷ ಕೊಟ್ಟು ನಿಲ್ಲುತ್ತದೆ. ದೋಷ ಕಡೆಗಣಿಸು ಎಂದು ಹೇಳಿದರೆ ಇನ್ನೂ ಕೆಡುಕು, ಬೈಟು ಬಿದ್ದುಹೋಗಿ ಹಲಂತಗಳೆಲ್ಲ ಹಾಳಾಗುತ್ತವೆ. ಸರಿಯಾದ ಕ್ರಮ: ಒಂದೊಂದು ಅಕ್ಷರ ತೆಗೆದುಕೊಳ್ಳಿ, ಅದರ ಸಂಖ್ಯೆ 256ಕ್ಕಿಂತ ಕಡಿಮೆ ಇದ್ದರೆ ಆ ಸಂಖ್ಯೆಯನ್ನೇ ಬೈಟು ಎಂದಿಟ್ಟುಕೊಳ್ಳಿ, ಹೆಚ್ಚಿದ್ದರೆ ಮಾತ್ರ 1252ರ ಮೂಲಕ ಕಳಿಸಿ. ವಿಂಡೋಸ್ ಆ ಐದು ಬೈಟುಗಳನ್ನು ಸಾಮಾನ್ಯವಾಗಿ ಅದೇ ಸಂಖ್ಯೆಯ ನಿಯಂತ್ರಣ ಸಂಕೇತವಾಗಿ ಉಳಿಸಿರುವುದರಿಂದ ಇದು ನಡೆಯುತ್ತದೆ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಈಗ ಹುಡುಕಾಟ. ಪಟ್ಟಿಯಲ್ಲಿ ಬೆಂಗಳೂರಿನವರು ಎಷ್ಟು ಮಂದಿ ಎಂದು ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಕಾರಣ, ಕೆಲವರು ‘ಬೆಂಗಳೂರು’ ಎಂದೂ ಕೆಲವರು ‘ಬೆ೦ಗಳೂರು’ ಎಂದೂ ಬರೆದಿದ್ದಾರೆ. ವ್ಯತ್ಯಾಸ ಕಂಡಿತೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ, 3202. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ, 3302. ಸರಿಯಾಗಿ ನೂರರ ಅಂತರ. ಅನುಸ್ವಾರವನ್ನೂ ನಾವು ಬಾಯಲ್ಲಿ ಸೊನ್ನೆ ಎಂದೇ ಕರೆಯುತ್ತೇವಲ್ಲ, ಕೀಲಿಮಣೆಯಲ್ಲೂ ಬೆರಳು ಅಲ್ಲಿಗೇ ಹೋಗುತ್ತದೆ. ನಿಯಮ ಹೀಗಿರಲಿ: 3302ರ ಹಿಂದೆ ಕನ್ನಡ ಅಕ್ಷರವೋ ಕಾಗುಣಿತ ಚಿಹ್ನೆಯೋ ಇದ್ದರೆ ಅದನ್ನು 3202 ಮಾಡಿ, ಹಿಂದೆಯೋ ಮುಂದೆಯೋ ಕನ್ನಡ ಅಂಕಿ ಇದ್ದರೆ ಮುಟ್ಟಬೇಡಿ, ೧೦೦ ಹಾಳಾಗುತ್ತದೆ.

ಎರಡನೆಯದು ‘ಕೋಲಾರ’. ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ (3275) ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಎಂದು ಮೂರಾಗಿಯೂ (3270, 3266, 3285) ಬರೆಯಬಹುದು. ಯೂನಿಕೋಡಿನ ಕಣ್ಣಲ್ಲಿ ಎರಡೂ ಒಂದೇ. ‘ಸಮವೇ?’ ಎಂದು ಕೇಳುವ ನಿಮ್ಮ ಪ್ರೋಗ್ರಾಂ ಕಣ್ಣಲ್ಲಿ ಒಂದರ ಉದ್ದ 5, ಇನ್ನೊಂದರದು 7. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಕಡತದ ಹೆಸರನ್ನು ಈ ಬಿಡಿಸಿದ ರೂಪದಲ್ಲೇ ಇಡುತ್ತಿತ್ತು, ಹಾಗಾಗಿ ಅಲ್ಲಿಂದ ಬಂದ ಹೆಸರುಗಳಲ್ಲಿ ಇದು ಕಾಣುತ್ತದೆ. ಒಳಬರುವ ಪ್ರತಿಯೊಂದನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಿರುಗಿಸಿದರೆ ಮುಗಿಯಿತು, ಪೈಥಾನಿನಲ್ಲಿ ಒಂದೇ ಸಾಲು.

ಮೂರನೆಯವು ಆ ಇಬ್ಬರು ಅದೃಶ್ಯರು. 8204 ಒತ್ತಾಗುವುದನ್ನು ತಡೆಯುತ್ತದೆ: ಅದಿಲ್ಲದಿದ್ದರೆ ‘ಸಾಫ್ಟ್‌ವೇರ್’ನಲ್ಲಿ ವ ಕೂಡ ಒತ್ತಾಗಿ ಕೆಳಗಿಳಿಯುತ್ತದೆ. 8205ರ ಕೆಲಸ ರಕಾರಕ್ಕೆ. ‘ಆರ್ಯ’ ಬರೆದಾಗ ರ್ ಅರ್ಕಾವೊತ್ತಾಗಿ ಯ ಪಕ್ಕಕ್ಕೆ ಹೋಗುತ್ತದೆ, ಬೇಕಾದದ್ದೂ ಅದೇ. ‘ರ‍್ಯಾಂಕ್’ ಬರೆಯುವಾಗ ರ ಮುಂದೆಯೇ ನಿಂತು ಯ ಒತ್ತಾಗಬೇಕು. ಅದಕ್ಕೆ ರ, 8205, ಹಲಂತ, ಯ ಎಂಬ ಕ್ರಮ. ಇವೆರಡೂ ಕಾಣುವುದಿಲ್ಲ, ಹೋಲಿಕೆಯಲ್ಲಿ ಮಾತ್ರ ಅಡ್ಡ ಬರುತ್ತವೆ. ಕೆಲವು ಟೈಪಿಂಗ್ ಸಾಧನಗಳು ಹಲಂತದಿಂದ ಮುಗಿಯುವ ಪದದ ಬಾಲಕ್ಕೂ ಒಂದು 8204 ಅಂಟಿಸಿಬಿಡುತ್ತವೆ.

ಹಾಗೆಂದು ಡೇಟಾದಿಂದಲೇ ಇವನ್ನು ಒರೆಸಬೇಡಿ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಮೂಲ ಹೆಸರು ಬಂದಂತೆಯೇ ಒಂದು ಅಂಕಣದಲ್ಲಿರಲಿ. ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಅಂಕಣ ಮಾಡಿ: ಎನ್‌ಎಫ್‌ಸಿ, ಸೊನ್ನೆ ತಿದ್ದುವುದು, 8204 ಮತ್ತು 8205 ತೆಗೆಯುವುದು, ಎರಡೆರಡು ಸ್ಪೇಸ್ ಒಂದು ಮಾಡುವುದು. ಹುಡುಕುವವರು ಟೈಪಿಸಿದ್ದನ್ನೂ ಇದೇ ಜರಡಿಯಲ್ಲಿ ಹಾಯಿಸಿ ಹೋಲಿಸಿ.

ಅಕಾರಾದಿಯಲ್ಲಿ ಜೋಡಿಸುವುದು ಬಹುಮಟ್ಟಿಗೆ ತಾನಾಗೇ ಸರಿಬರುತ್ತದೆ, ಳ ಒಂದನ್ನು ಬಿಟ್ಟು. ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಸಂಕೇತದಲ್ಲಿ ಳ 3251, ಲ ಪಕ್ಕದಲ್ಲಿ, ವ ಮತ್ತು ಹ ಎರಡಕ್ಕೂ ಮೊದಲು. ಆದ್ದರಿಂದ ಬರಿಯ ‘ಸಾರ್ಟ್’ ‘ಬಳಿ’ಯನ್ನು ‘ಬಹಳ’ಕ್ಕಿಂತ ಮುಂದಿಡುತ್ತದೆ. ಯೂನಿಕೋಡ್ ಪಠ್ಯಕ್ಕೆಂದೇ ಇರುವ ಐಸಿಯು ಲೈಬ್ರರಿಯ ಕನ್ನಡ ವಿಂಗಡಣೆ ಬಳಸಿ, ನಂಬುವ ಮುನ್ನ ಈ ಎರಡೇ ಪದ ಕೊಟ್ಟು ನೋಡಿ.

ನುಡಿಯಿಂದ ಬಂದ ಕಡತ

ಕಾಲೇಜಿನ ಕಚೇರಿಯಿಂದ ಬರುವ ಹಳೆಯ ವರ್ಡ್ ಕಡತಗಳ ಕಥೆಯೇ ಬೇರೆ. ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ಬರವಣಿಗೆ ತಂತ್ರಾಂಶ ಬಂದಾಗ ಸಾಮಾನ್ಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಮೂಡುವ ಏರ್ಪಾಡು ಇನ್ನೂ ಕೈಗೆ ಬಂದಿರಲಿಲ್ಲ. ಅಕ್ಷರದ ಚೂರುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕೂರಿಸಿ ಫಾಂಟಿನ ಮೂಲಕ ಕನ್ನಡ ಕಾಣಿಸುವಂತೆ ಮಾಡಿದರು. ಆ ಕಾಲಕ್ಕೆ ಅದು ಜಾಣ ಪರಿಹಾರವೇ, ಬಯ್ಯುವಂಥದ್ದೇನೂ ಅಲ್ಲ. ಫಾಂಟ್ ತೆಗೆದು ನೋಡಿದರೆ ಒಳಗೆ ಇರುವುದು ಮಾತ್ರ ಕನ್ನಡವಲ್ಲ.

ನಮ್ಮ ಕೃಷ್ಣಮೂರ್ತಿಯನ್ನೇ ನುಡಿಯಲ್ಲಿ ಬಿಚ್ಚೋಣ. ಹನ್ನೆರಡು ಚೂರು: 80, 192, 200, 181, 192, 218, 170, 192, 196, 198, 119, 240. ಅರ್ಥ ಹೀಗೆ. 80 ಎಂದರೆ ಕ ಒಡಲು, 192 ಅದರ ತಲೆಕಟ್ಟು, 200 ವಟ್ರಸುಳಿ. 181 ಷ ಒಡಲು, 192 ತಲೆಕಟ್ಟು, 218 ಣ ಒತ್ತು. ಮುಂದಿನದು ನೋಡಿ, 170 ಎಂದರೆ ವ ಒಡಲು! 192 ತಲೆಕಟ್ಟು, 196 ಕೊಂಬು, 198 ಕೊಂಬಿನ ದೀರ್ಘ. ವ ಪಕ್ಕಕ್ಕೆ ಕೊಂಬು ಸಿಕ್ಕಿಸಿದರೆ ಮ ಆಕಾರವೇ ಬರುತ್ತದಲ್ಲ, ಅಚ್ಚಿನ ಮೊಳೆ ಜೋಡಿಸುವವರ ಲೆಕ್ಕ. ಹಾಗಾದರೆ ನಿಜವಾದ ‘ವು’ ಹೇಗೆ? ಅದಕ್ಕೆ ಕೆಳಗೆ ಇಳಿಯುವ ಬೇರೆ ಕೊಂಬು, 197. ಕೊನೆಗೆ 119 ಎಂದರೆ ಗುಡಿಸು ಸಮೇತ ತಿ, 240 ಅರ್ಕಾವೊತ್ತು.

ಪರಿವರ್ತಕ ಬರೆಯುವಾಗ ಎಡವುವುದು ಮೂರು ಕಡೆ. ಮೊದಲನೆಯದು, ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು. 170, 192 ನೋಡಿದ ಕೂಡಲೇ ವ ಎಂದು ಬದಲಿಸಿದರೆ ‘ಮೂರ್ತಿ’ ಕೆಡುತ್ತದೆ. 196 ಜತೆಗಿದೆಯೇ ಎಂದು ಮೊದಲು ನೋಡಿ. ಎರಡನೆಯದು ಒತ್ತಿನ ಜಾಗ. ನುಡಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತದೆ: ‘ಮತ್ತು’ ಎಂಬಲ್ಲಿ ತ, ಕೊಂಬು, ಆಮೇಲೆ ತ ಒತ್ತು. ಯೂನಿಕೋಡಿಗೆ ತ, ಹಲಂತ, ತ, ಕೊನೆಗೆ ಕೊಂಬು. ಒತ್ತು ಸಿಕ್ಕಾಗಲೆಲ್ಲ ಹಿಂದಿನ ಕಾಗುಣಿತ ಚಿಹ್ನೆಯನ್ನು ದಾಟಿಸಿ ಒಳಗೆ ತೂರಿಸಬೇಕು. ಮೂರನೆಯದು ಅರ್ಕಾವೊತ್ತು: 240 ಕಂಡಾಗ ರ, ಹಲಂತ ಎರಡನ್ನೂ ಇಡೀ ಅಕ್ಷರದ ಮುಂದಕ್ಕೆ ಒಯ್ಯಬೇಕು. ಹಿಂದಿನ ಒಂದು ಸಂಕೇತದ ಮುಂದಕ್ಕಲ್ಲ, ಒತ್ತುಗಳೂ ಸೇರಿದ ಪೂರ್ತಿ ಅಕ್ಷರದ ಮುಂದಕ್ಕೆ. ಮೊದಲು ಹೇಳಿದ ಅಕ್ಷರ ತುಂಡರಿಸುವ ಹತ್ತು ಸಾಲು ಇಲ್ಲಿ ನೆರವಿಗೆ ಬರುತ್ತದೆ. ರ ಒಡಲಿಗೇ ಒತ್ತು ಬಂದರೆ ಅದು ‘ರ‍್ಯಾಂಕ್’ ಜಾತಿಯದು, 8205 ಸೇರಿಸಲು ಮರೆಯಬೇಡಿ.

ಇದಕ್ಕಿಂತ ದೊಡ್ಡ ತಪ್ಪು ಪರಿವರ್ತಕಕ್ಕೆ ಕೊಡುವ ಮೊದಲೇ ಆಗಿರುತ್ತದೆ. ವರ್ಡ್ ಕಡತವನ್ನು ಬರಿಯ ಪಠ್ಯವಾಗಿ ಉಳಿಸಿದರೆ ಫಾಂಟಿನ ಮಾಹಿತಿ ಹೋಗುತ್ತದೆ. ಆಮೇಲೆ ‘ಕೆ.ಎ. 05’ ಎಂದು ಇಂಗ್ಲಿಷಿನಲ್ಲಿದ್ದದ್ದೂ ಮಿಂಚಂಚೆ ವಿಳಾಸವೂ ಎಲ್ಲ ಕನ್ನಡವಾಗಿ ಪುಡಿಪುಡಿಯಾಗುತ್ತದೆ. ಡಾಕ್ಸ್ ರೂಪದಲ್ಲೇ ಓದಿ, ಒಂದೊಂದು ತುಣುಕಿನ ಫಾಂಟ್ ಹೆಸರು ನೋಡಿ, ನುಡಿ ಎಂದು ಶುರುವಾಗುವುದನ್ನು ಮಾತ್ರ ಪರಿವರ್ತಿಸಿ. ತುಣುಕಿನಲ್ಲಿ ಫಾಂಟ್ ಹೆಸರು ಖಾಲಿ ಬಂದರೆ ಅದು ಪ್ಯಾರಾದ ಶೈಲಿಯಿಂದ ಬಂದಿರುತ್ತದೆ, ಅಲ್ಲಿ ಹುಡುಕಿ. ಮುಗಿದ ಮೇಲೆ ಫಲಿತಾಂಶದಲ್ಲಿ 128ರಿಂದ 255ರ ನಡುವಿನ ಸಂಕೇತ ಎಷ್ಟು ಉಳಿದಿದೆ ಎಂದು ಎಣಿಸಿ, ಸೊನ್ನೆ ಬರಬೇಕು. ಕಣ್ಣಿನಿಂದ ಪರೀಕ್ಷಿಸಲು ಈ ಪದಗಳು ಸಾಕು: ಕರ್ನಾಟಕ, ಮತ್ತು, ಸ್ತ್ರೀ, ಕೋಲಾರ, ಪೂರ್ವ, ಮೌಲ್ಯ, ರ‍್ಯಾಂಕ್.

ಪ್ರಮಾಣಪತ್ರ

ಪೈಥಾನಿನ ಪಿಲ್ಲೋ ಎಂಬ ಚಿತ್ರ ಲೈಬ್ರರಿಯಲ್ಲಿ ಚಿತ್ರದ ಮೇಲೆ ಹೆಸರು ಬರೆದು ಪ್ರಮಾಣಪತ್ರ ಮಾಡುವುದು ಕ್ಲಬ್ಬುಗಳ ವಾಡಿಕೆ. ಷ್ಣ ಹೋಗಿ ಷ ತಲೆಯ ಮೇಲೆ ಹಲಂತ, ಪಕ್ಕದಲ್ಲಿ ಬೇರೆಯಾಗಿ ಪೂರ್ತಿ ಣ ಬಂದಿದೆಯೇ? ಫಾಂಟ್ ದೋಷವಲ್ಲ. ಚೂರುಗಳನ್ನು ಒತ್ತಾಗಿ ಕೂಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಎಂಜಿನಿನದು, ಪಿಲ್ಲೋ ಅದನ್ನು ರಾಕ್ಮ್ ಎಂಬ ಲೈಬ್ರರಿಯ ಮೂಲಕ ಕರೆಯುತ್ತದೆ. ನಿಮ್ಮ ಪಿಲ್ಲೋದಲ್ಲಿ ರಾಕ್ಮ್ ಇಲ್ಲ. ಪಿಲ್ಲೋದ ‘ಫೀಚರ್ಸ್’ ಮಾಡ್ಯೂಲನ್ನು ಕೇಳಿದರೆ ಇದೆಯೋ ಇಲ್ಲವೋ ಹೇಳುತ್ತದೆ. ಎಫ್‌ಪಿಡಿಎಫ್2ರಲ್ಲಿ (ಪಿಡಿಎಫ್ ಮಾಡುವ ಲೈಬ್ರರಿ) ಟೆಕ್ಸ್ಟ್ ಶೇಪಿಂಗ್ ಎಂಬ ಆಯ್ಕೆ ಇದೆ, ತಾನಾಗಿ ಚಾಲೂ ಇರುವುದಿಲ್ಲ. ಅಕ್ಷರದ ಬದಲು ಬರೀ ಚೌಕ ಬಂದರೆ ಅದು ಫಾಂಟ್ ಸಮಸ್ಯೆ, ನೋಟೋ ಸ್ಯಾನ್ಸ್ ಕನ್ನಡ ಕೊಟ್ಟರೆ ಸಾಕು.

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ಪ್ರಮಾಣಪತ್ರವನ್ನು ಎಚ್‌ಟಿಎಂಎಲ್ ಪುಟವಾಗಿ ಬರೆದು ಕ್ರೋಮ್‌ನಿಂದಲೇ ಪಿಡಿಎಫ್ ಮಾಡಿಸಿ. ಬ್ರೌಸರಿನೊಳಗೆ ಹಾರ್ಫ್‌ಬಜ್ ಇದ್ದೇ ಇದೆ. ಎರಡು ಎಚ್ಚರಿಕೆ: ಸಾಲಿನ ಎತ್ತರ 1.2 ಇದ್ದರೆ ‘ಸ್ತ್ರೀ’ಯಂಥ ಎರಡು ಒತ್ತಿನ ಪದ ಕೆಳಗಿನ ಸಾಲಿಗೆ ತಾಗಬಹುದು, 1.6 ಇಡಿ. ಉದ್ದದ ಹೆಸರಿಗೆ ಅಕ್ಷರ ಚಿಕ್ಕದಾಗಬೇಕಾದರೆ ಸಂಕೇತ ಎಣಿಸಿ ಅಂದಾಜು ಮಾಡಬೇಡಿ, ಮೂಡಿದ ಅಗಲವನ್ನೇ ಅಳೆಯಿರಿ. ಹನ್ನೊಂದು ಸಂಕೇತದ ಕೃಷ್ಣಮೂರ್ತಿ ಹಿಡಿಯುವುದು ನಾಲ್ಕು ಅಕ್ಷರದ ಜಾಗ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡು

‘ಕೀಲಿಮಣೆ ವಿನ್ಯಾಸ ಬದಲಾದರೆ ಒಳಗಿನ ಸಂಕೇತ ಬದಲಾಗುತ್ತದೆಯೇ, ಸರ್?’ ಇಲ್ಲ. ಕೆ.ಪಿ. ರಾವ್ ವಿನ್ಯಾಸವಿರಲಿ, ಇನ್‌ಸ್ಕ್ರಿಪ್ಟ್ ಇರಲಿ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವುದಿರಲಿ, ಯೂನಿಕೋಡ್ ಕ್ರಮದಲ್ಲಿದ್ದರೆ ಬೀಳುವುದು ಅದೇ 3221. ವ್ಯತ್ಯಾಸ ಬರುವುದು ಆ ಇಬ್ಬರು ಅದೃಶ್ಯರಲ್ಲಿ ಮತ್ತು ಸೊನ್ನೆಯಲ್ಲಿ.

‘ನಮ್ಮ ಹಳೆಯ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲೆಲ್ಲ ಪ್ರಶ್ನೆಚಿಹ್ನೆ ಇದೆ, ಅದನ್ನು ತಿರುಗಿಸಬಹುದೇ?’ ಅದೊಂದು ಆಗುವುದಿಲ್ಲ. ಎಕ್ಸೆಲ್‌ನಲ್ಲಿ ಸರಿಯಾಗಿ ಕಾಣುತ್ತಿದ್ದದ್ದನ್ನು ಯಾರೋ ಯುಟಿಎಫ್-8 ಎಂದು ಬರೆದಿರುವ ಸಿಎಸ್‌ವಿ ಬಿಟ್ಟು ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದ್ದಾರೆ. ಹಳೆಯ ಪಟ್ಟಿಯಲ್ಲಿ ಜಾಗವಿಲ್ಲದ ಪ್ರತಿಯೊಂದು ಸಂಕೇತಕ್ಕೂ ಒಂದೊಂದು ? ಬಿದ್ದಿದೆ, ಮೂಲ ಅಳಿಸಿಹೋಗಿದೆ. ಫಾರ್ಮಿನ ಉತ್ತರಗಳು ಇನ್ನೂ ಅಲ್ಲೇ ಇದ್ದರೆ ಮತ್ತೆ ಇಳಿಸಿಕೊಳ್ಳಿ. ಅದೂ ಇಲ್ಲವಾದರೆ ಉಳಿಯುವ ಸುಳಿವು ಉದ್ದವೊಂದೇ: ಹನ್ನೊಂದು ಪ್ರಶ್ನೆಚಿಹ್ನೆ ಇರುವಲ್ಲಿ ಹನ್ನೊಂದು ಸಂಕೇತದ ಹೆಸರಿತ್ತು. ಅವತ್ತಿನ ಹಾಜರಿ ಹಾಳೆ ಪಕ್ಕಕ್ಕಿಟ್ಟುಕೊಂಡು, ಅದರ ಹೆಸರುಗಳನ್ನು ಯೂನಿಕೋಡಿನಲ್ಲಿ ಟೈಪಿಸಿ, ಉದ್ದ ಹೊಂದುವುದನ್ನು ಒಂದೊಂದಾಗಿ ಕೂರಿಸಬೇಕು.